ತಲೆ ಎಣಿಸಿದರೆ ಮುಗಿಯದ ಲೆಕ್ಕ

(ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಊರಿನ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜನಸಂಖ್ಯೆಯ ವಿಷಯ ಬಂದ ಕೂಡಲೇ ಎರಡು ಮಾತು ಕೇಳಿಸುತ್ತದೆ. ಒಂದು, ‘ಜನ ಜಾಸ್ತಿಯಾದರು, ಭೂಮಿ ಇನ್ನು ತಡೆಯುವುದಿಲ್ಲ.’ ಇನ್ನೊಂದು, ‘ಅವರು ಹೆರುತ್ತಾರೆ, ನಾವು ಅನುಭವಿಸುತ್ತೇವೆ.’ ಮೊದಲನೆಯದರಲ್ಲಿ ಸತ್ಯ ಇದೆ, ಆದರೆ ಅರ್ಧವೇ. ಎರಡನೆಯದು ಸುಳ್ಳು. ಆ ‘ಅವರು’ ಯಾರು ಅನ್ನುವುದು ಹೇಳುವವರಿಗೆ ತಕ್ಕ ಹಾಗೆ ಬದಲಾಗುತ್ತಾ ಹೋಗುತ್ತದೆ. ಒಮ್ಮೆ ಬಡವರು, ಒಮ್ಮೆ ಬೇರೆ ಧರ್ಮದವರು, ಒಮ್ಮೆ ಉತ್ತರದವರು. ಇವತ್ತು ಲೆಕ್ಕ ಇಟ್ಟುಕೊಂಡು ಮಾತಾಡೋಣ.

ಭೂಮಿಯ ಮೇಲೆ ಮನುಷ್ಯರು ನೂರು ಕೋಟಿ ಆದದ್ದು 1804ರ ಸುಮಾರಿಗೆ. ಇನ್ನೂರು ಕೋಟಿಗೆ ಬರಲು 1927ರ ತನಕ ಬೇಕಾಯಿತು. 1960ಕ್ಕೆ ಮುನ್ನೂರು ಕೋಟಿ. ಆಮೇಲೆ ಓಟ. 1987ರಲ್ಲಿ ಐನೂರು, 2011ರಲ್ಲಿ ಏಳುನೂರು. 2022ರ ನವೆಂಬರ್ 15ನ್ನು ವಿಶ್ವಸಂಸ್ಥೆ ಎಂಟುನೂರು ಕೋಟಿಯ ದಿನ ಎಂದು ಗುರುತಿಸಿತು. ಈ ಸಭೆಯಲ್ಲಿ 1960ರ ಆಚೀಚೆ ಹುಟ್ಟಿದವರು ಎಷ್ಟೋ ಮಂದಿ ಇದ್ದೀರಿ. ನಿಮ್ಮ ಒಂದೇ ಆಯುಷ್ಯದಲ್ಲಿ ಲೋಕದ ಜನ ಎರಡೂವರೆ ಪಟ್ಟಿಗಿಂತ ಹೆಚ್ಚಾದರು. ಮನುಷ್ಯ ಕುಲದ ಇಡೀ ಚರಿತ್ರೆಯಲ್ಲಿ ಹಿಂದೆ ಯಾರೂ ಇಂಥದ್ದನ್ನು ನೋಡಿರಲಿಲ್ಲ.

ಯಾಕೆ ಹೀಗಾಯಿತು? ಜನ ಇದ್ದಕ್ಕಿದ್ದಂತೆ ಹೆಚ್ಚು ಹೆರಲು ಶುರು ಮಾಡಿದ್ದಲ್ಲ. ಸಾಯುವುದು ಕಡಿಮೆಯಾಯಿತು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸು. ಈಗ ಎಪ್ಪತ್ತರ ಹತ್ತಿರ. ಹಳೆಯ ಮನೆಗಳಲ್ಲಿ ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ‘ಹೆತ್ತದ್ದು ಹತ್ತು, ಉಳಿದದ್ದು ಐದು’ ಅಂತ. ಆ ಉಳಿಯದ ಐದು ಉಳಿಯತೊಡಗಿದವು. ಲಸಿಕೆ ಬಂತು, ಶುದ್ಧ ನೀರು ಬಂತು, ಸಿಡುಬು ಇಲ್ಲವಾಯಿತು. ಜನಸಂಖ್ಯೆ ಏರಿದ್ದರ ಮೂಲದಲ್ಲಿ ಇರುವುದು ಮಕ್ಕಳು ಬದುಕಿದ ಸಂಗತಿ. ಇದನ್ನು ಶಾಪ ಅನ್ನಲು ನನ್ನಿಂದ ಆಗುವುದಿಲ್ಲ.

ಏರಿದ ವೇಗ ಈಗ ಇಳಿಯುತ್ತಿದೆ. 1960ರ ದಶಕದಲ್ಲಿ ಲೋಕದ ಜನ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಬೆಳೆಯುತ್ತಿದ್ದರು. ಈಗ ಶೇಕಡಾ 1ಕ್ಕಿಂತ ಕಡಿಮೆ. ಆಗ ಒಬ್ಬ ಹೆಂಗಸಿಗೆ ಸರಾಸರಿ ಐದು ಮಕ್ಕಳು, ಈಗ ಎರಡೂ ಕಾಲರ ಹತ್ತಿರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ್ದು 2.0. ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟು ಹೋಗಬೇಕಾದರೆ 2.1 ಬೇಕು. ಕೇರಳದ್ದು 1.8, ಕರ್ನಾಟಕದ್ದು 1.7. ಬಿಹಾರದಲ್ಲಿ 3.0 ಇದೆ, ಅಲ್ಲಿಯೂ ಇಳಿಯುತ್ತಿದೆ. ಇಷ್ಟಾದರೂ ಲೋಕದ ಒಟ್ಟು ಸಂಖ್ಯೆ ಇನ್ನೂ ಐವತ್ತು ಅರವತ್ತು ವರ್ಷ ಏರುತ್ತದೆ. ನಾಳೆಯ ತಾಯಂದಿರು ಈಗಾಗಲೇ ಹುಟ್ಟಿದ್ದಾರೆ, ಅವರ ಸಂಖ್ಯೆಯೇ ದೊಡ್ಡದು. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ಕೂಡುವುದು ದೊಡ್ಡ ಮೊತ್ತವೇ. 2080ರ ದಶಕದ ನಡುವೆ ಸುಮಾರು 1030 ಕೋಟಿಗೆ ತಲುಪಿ, ಅಲ್ಲಿಂದ ನಿಧಾನ ಇಳಿಯಬಹುದು ಎಂದು ವಿಶ್ವಸಂಸ್ಥೆ 2024ರಲ್ಲಿ ಅಂದಾಜು ಮಾಡಿದೆ.

ಕೇರಳದ ಕತೆಯನ್ನು ಸ್ವಲ್ಪ ನಿಂತು ನೋಡಬೇಕು. 1961ರಿಂದ 71ರ ನಡುವೆ ಈ ರಾಜ್ಯದ ಜನ ಶೇಕಡಾ 26 ಬೆಳೆದಿದ್ದರು. 2001ರಿಂದ 2011ರ ನಡುವೆ ಬರೀ 4.9. ಎಂಬತ್ತರ ದಶಕ ಮುಗಿಯುವ ಹೊತ್ತಿಗೇ ಕೇರಳ 2.1ಕ್ಕೆ ಇಳಿದಿತ್ತು, ದೇಶಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲು. ಮಾಯ ಮಂತ್ರ ಏನೂ ನಡೆಯಲಿಲ್ಲ. ಹುಡುಗಿಯರು ಶಾಲೆಗೆ ಹೋದರು. ಹತ್ತಿರದಲ್ಲಿ ಆಸ್ಪತ್ರೆ ಇತ್ತು. ಹುಟ್ಟಿದ ಮಗು ಉಳಿಯುತ್ತದೆ ಅನ್ನುವ ಧೈರ್ಯ ಬಂತು. 2020ರ ಲೆಕ್ಕದಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 28 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಕೇರಳದಲ್ಲಿ 6. ಉಳಿಯುತ್ತದೆ ಅಂತ ಗೊತ್ತಿದ್ದ ತಾಯಿ ಎರಡಕ್ಕೇ ಸಾಕು ಅನ್ನುತ್ತಾಳೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದರ ಪಕ್ಕದಲ್ಲಿ ತುರ್ತುಪರಿಸ್ಥಿತಿಯ ಕಾಲವನ್ನು ಇಟ್ಟು ನೋಡಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಎಷ್ಟೋ ಕಡೆ ಬಡವರನ್ನು ಹಿಡಿದು ತಂದು ಮಾಡಿದರು. ಕುಟುಂಬ ಯೋಜನೆ ಅಂದರೆ ಜನ ಹೆದರುವ ಹಾಗಾಯಿತು. ಚೀನಾ ಮೂವತ್ತೈದು ವರ್ಷ ‘ಒಂದೇ ಮಗು’ ಎಂದು ಕಾನೂನಿನ ಬಲದಿಂದ ಹೇಳಿತು. ಈಗ ಮಕ್ಕಳು ಬೇಕು ಅಂದರೆ ಹೆರುವವರಿಲ್ಲ, 2022ರಿಂದ ಅಲ್ಲಿ ಜನ ಕಡಿಮೆಯಾಗುತ್ತಿದ್ದಾರೆ. ಬಲವಂತದಿಂದ ಆಗದ ಕೆಲಸವನ್ನು ನಮ್ಮ ಊರಿನ ಕನ್ನಡ ಶಾಲೆಗಳು, ಮಲಯಾಳ ಶಾಲೆಗಳು, ಮಳೆಯಲ್ಲಿ ತೋಡು ದಾಟಿ ಮನೆಮನೆಗೆ ಬರುತ್ತಿದ್ದ ದಾದಿಯರು ಮಾಡಿದರು. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಈಗ ದೊಡ್ಡ ಪ್ರಶ್ನೆ. ಭೂಮಿ ಎಷ್ಟು ಜನರನ್ನು ಸಾಕಬಹುದು?

ಇದಕ್ಕೆ ಮೊದಲ ಲೆಕ್ಕ ಹಾಕಿದವರಲ್ಲಿ ಒಬ್ಬ ಲೇವನ್‌ಹುಕ್. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ. ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಸೂಕ್ಷ್ಮಜೀವಿಗಳನ್ನು ನೋಡಿದವನು ಇವನೇ. 1679ರಲ್ಲಿ ಅವನು ಒಂದು ಸುಲಭದ ಲೆಕ್ಕ ಮಾಡಿದ. ಹಾಲೆಂಡಿನಲ್ಲಿ ಹತ್ತು ಲಕ್ಷ ಜನ ಇದ್ದಾರೆ. ವಾಸಕ್ಕೆ ಯೋಗ್ಯವಾದ ನೆಲ ಹಾಲೆಂಡಿನ 13,385 ಪಟ್ಟು ಇದೆ. ಎಲ್ಲ ಕಡೆಯೂ ಹಾಲೆಂಡಿನಷ್ಟೇ ಜನ ತುಂಬಿದರೆ ಸುಮಾರು 1340 ಕೋಟಿ. ಆಮೇಲೆ ಬಂದವರು ಹಾಕಿದ ಅಂದಾಜುಗಳು ನೂರು ಕೋಟಿಗಿಂತ ಕೆಳಗಿನಿಂದ ಹಿಡಿದು ಒಂದು ಲಕ್ಷ ಕೋಟಿಯ ತನಕ ಹರಡಿಕೊಂಡಿವೆ. ಒಂದೇ ಭೂಮಿಗೆ ಇಷ್ಟು ಬೇರೆ ಬೇರೆ ಉತ್ತರ ಬರುತ್ತಿರುವಾಗ ತಪ್ಪು ಎಣಿಕೆಯಲ್ಲಿ ಇರಲಾರದು. ‘ಹೇಗೆ ಬದುಕುವ ಜನ?’ ಎಂದು ಕೇಳದೆ ‘ಎಷ್ಟು ಜನ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

1798ರಲ್ಲಿ ಇಂಗ್ಲೆಂಡಿನ ಪಾದ್ರಿ ಮಾಲ್ಥಸ್ ಹೇಳಿದ ಮಾತು ನಿಮಗೆ ಗೊತ್ತಿರಬಹುದು. ಜನ ಗುಣಿಸುತ್ತಾ ಹೋಗುತ್ತಾರೆ, ಬೆಳೆ ಕೂಡಿಸುತ್ತಾ ಹೋಗುತ್ತದೆ, ಕೊನೆಗೆ ಹಸಿವು ಬಂದು ಸರಿ ಮಾಡುತ್ತದೆ ಅಂತ. ಹಾಗಾಗಲಿಲ್ಲ. 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯ ಮಾಡಿ ತೋರಿಸಿದ. 1913ರಲ್ಲಿ ಜರ್ಮನಿಯಲ್ಲಿ ಅದರ ಕಾರ್ಖಾನೆ ಶುರುವಾಯಿತು. ಯೂರಿಯ ಬಂದದ್ದು ಆ ದಾರಿಯಿಂದ. ಇವತ್ತು ಲೋಕದ ಸುಮಾರು ಅರ್ಧ ಜನರ ಅನ್ನ ಈ ಗೊಬ್ಬರದ ಮೇಲೆ ನಿಂತಿದೆ. 1966ರಲ್ಲಿ ಹೆಚ್ಚು ಇಳುವರಿ ಕೊಡುವ ಐಆರ್8 ಎಂಬ ಭತ್ತದ ತಳಿ ಬಂತು. ಮಾಲ್ಥಸ್ ಹೇಳಿದ ಗಡಿ ಹಿಂದೆ ಸರಿಯಿತು. ಆದರೆ ಸುಮ್ನೆ ಸರಿಯಲಿಲ್ಲ. ಗೊಬ್ಬರ ಮಾಡಲು ನೆಲದಡಿಯ ಅನಿಲ ಉರಿಯಬೇಕು. ಗದ್ದೆಯಲ್ಲಿ ಉಳಿದ ಸಾರಜನಕ ಹೊಳೆಗೆ ಹೋಗಿ ಸಮುದ್ರ ಸೇರಬೇಕು. ಎಷ್ಟೋ ಕಡಲತೀರಗಳಲ್ಲಿ ಇದರಿಂದ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ.

ಗಡಿ ಹಿಂದೆ ಸರಿಯುವ ಇನ್ನೊಂದು ದಾರಿ ಇದೆ. ಬೇರೆಯವರ ನೆಲದ ಮೇಲೆ ಬದುಕುವುದು. ಇದು ನಮಗೆ ಚೆನ್ನಾಗಿ ಗೊತ್ತಿರಬೇಕು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನಿನವರು ಬರ್ಮಾ ಹಿಡಿದರು. ತಿರುವಾಂಕೂರಿಗೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಜನ ಮರಗೆಣಸು ತಿಂದು ಜೀವ ಹಿಡಿದರು. ಆ ಕಾಲದಲ್ಲೇ, ಆಮೇಲೂ, ಜಾಗ ಸಾಲದೆ ಅಲ್ಲಿಂದ ಮಲಬಾರಿನ ಗುಡ್ಡಗಳಿಗೆ, ನಮ್ಮ ಜಿಲ್ಲೆಯ ಮೂಡು ಬದಿಗೂ ಕುಟುಂಬಗಳು ಬಂದು ನೆಲೆಸಿದವು.

ಈಗ? ಎಪ್ಪತ್ತರ ದಶಕದ ನಡುವೆ ಕೇರಳದಲ್ಲಿ ಸುಮಾರು ಎಂಟೂಮುಕ್ಕಾಲು ಲಕ್ಷ ಹೆಕ್ಟೇರಿನಲ್ಲಿ ಭತ್ತ ಇತ್ತು. ಈಗ ಎರಡು ಲಕ್ಷದ ಹತ್ತಿರ. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದ ಬೈಲುಗಳಲ್ಲಿ ಈಗ ಅಡಿಕೆ ಇದೆ, ರಬ್ಬರ್ ಇದೆ, ಮನೆ ಇದೆ. ಗದ್ದೆ ಉಳಿಸಲು 2008ರಲ್ಲಿ ಕಾನೂನು ತಂದರು, ಅಷ್ಟರಲ್ಲಿ ಹೆಚ್ಚಿನದು ಹೋಗಿಯಾಗಿತ್ತು. ನಮ್ಮ ಕುಚ್ಚಿಲು ಅಕ್ಕಿ ಬರುವುದು ಆಂಧ್ರದಿಂದ. ರೇಷನ್ ಅಕ್ಕಿಯಲ್ಲಿ ಪಂಜಾಬಿನ ಪಾಲೂ ಇದೆ. ಪಂಜಾಬಿನಲ್ಲಿ ಆ ಭತ್ತಕ್ಕೆ ನೀರು ಎತ್ತಿ ಎತ್ತಿ ಅಂತರ್ಜಲ ಪಾತಾಳಕ್ಕೆ ಹೋಗಿದೆ. ನಮ್ಮ ಬಟ್ಟಲಿನ ಒಂದು ತುತ್ತು ಅನ್ನದಲ್ಲಿ ಅಲ್ಲಿನ ನೀರಿದೆ. ಕಾಸರಗೋಡು ಎಷ್ಟು ಜನರನ್ನು ಸಾಕುತ್ತದೆ ಎಂದು ಕೇಳಿದರೆ, ಈಗ ಇರುವವರನ್ನೇ ಅದು ಸಾಕುತ್ತಿಲ್ಲ, ಗೋದಾವರಿ ಮತ್ತು ಸತ್ಲಜ್ ಸಾಕುತ್ತಿವೆ.

ನೀರಿನ ಮಾತಿಗೆ ಬರೋಣ. ಈ ಲೆಕ್ಕ ನಾನೇ ಹಾಕಿದ್ದು, ಮನೆಗೆ ಹೋಗಿ ನೀವೂ ಹಾಕಿ ನೋಡಿ. ನಮ್ಮ ಜಿಲ್ಲೆಯ ವಿಸ್ತೀರ್ಣ 1,992 ಚದರ ಕಿಲೋಮೀಟರ್. ವರ್ಷಕ್ಕೆ ಬೀಳುವ ಮಳೆ ಸುಮಾರು 3,500 ಮಿಲಿಮೀಟರ್. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ 13 ಲಕ್ಷ 7 ಸಾವಿರ. ಬಿದ್ದ ಮಳೆಯನ್ನು ತಲೆಗೆ ಇಷ್ಟು ಅಂತ ಹಂಚಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ 53 ಲಕ್ಷ ಲೀಟರ್. ದಿನಕ್ಕೆ ಹದಿನಾಲ್ಕು ಸಾವಿರ ಲೀಟರಿಗಿಂತ ಹೆಚ್ಚು. ಹಾಗಿದ್ದೂ ಏಪ್ರಿಲ್ ಬಂದರೆ ಎಷ್ಟೋ ಕಡೆ ಟ್ಯಾಂಕರ್ ಬರುತ್ತದೆ. 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕಿನ ಅಂತರ್ಜಲ ‘ಕ್ರಿಟಿಕಲ್’ ವರ್ಗದಲ್ಲಿತ್ತು. ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿ ನಿಲ್ಲುವ ಊರಿಗೆ ಈ ಗತಿ.

ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಘಟ್ಟದಿಂದ ಕಡಲಿಗೆ ದೂರ ಇಲ್ಲ. ನಮ್ಮ ದೊಡ್ಡ ಹೊಳೆ ಚಂದ್ರಗಿರಿಯೇ ನೂರು ಕಿಲೋಮೀಟರಿಗಿಂತ ಸ್ವಲ್ಪ ಉದ್ದ. ಉಪ್ಪಳ, ಶಿರಿಯ, ಮೊಗ್ರಾಲ್ ಹೊಳೆಗಳು ಇನ್ನೂ ಚಿಕ್ಕವು. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ. ನಿಲ್ಲಿಸಲು ನಮ್ಮ ಹಿರಿಯರಿಗೆ ಗೊತ್ತಿತ್ತು. ಗುಡ್ಡದ ತಲೆಯಲ್ಲಿ ಮಳೆನೀರು ನಿಲ್ಲಿಸುವ ಮದಕ ಎಂಬ ಕೆರೆ, ತೋಡಿಗೆ ಅಡ್ಡವಾಗಿ ಕಟ್ಟ ಎಂಬ ಒಡ್ಡು, ಗುಡ್ಡದ ಹೊಟ್ಟೆಯಲ್ಲಿ ಸುರಂಗ.

ಸುರಂಗದ ಬಗ್ಗೆ ಈ ಸಭೆಗೆ ನಾನು ಪಾಠ ಹೇಳಬೇಕಾಗಿಲ್ಲ. ಎಣ್ಮಕಜೆ, ಬಾಯಾರು, ಪಡ್ರೆ ಕಡೆಯಲ್ಲಿ ಅದು ಮನೆಯ ವಸ್ತು. ಬರಹ ಓದುವ ಬೇರೆ ಊರಿನವರಿಗಾಗಿ ಹೇಳುತ್ತೇನೆ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡವನ್ನು ಪಿಕಾಸಿಯಲ್ಲಿ ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಆಳು ನಿಂತು ನಡೆಯುವಷ್ಟು ಎತ್ತರ, ಮೈ ತಾಗದ ಹಾಗೆ ಹೋಗುವಷ್ಟೇ ಅಗಲ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಕೊರೆಯುವವನ ಜತೆ ಮೇಣದಬತ್ತಿ ಇರುತ್ತದೆ. ಅದು ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು. ಜೇಡಿಮಣ್ಣು ಸಿಕ್ಕಿದರೆ ಮಾಡು ಕುಸಿಯುವ ಅಪಾಯ. ನೀರು ಸಿಕ್ಕಿದ ಮೇಲೆ ಮಾಡಿನಿಂದ, ಗೋಡೆಯಿಂದ ಹನಿ ಹನಿಯಾಗಿ ಒಸರಿ ಕೆಳಗೆ ಸೇರುತ್ತದೆ. ಒಳಗೆ ಒಂದು ಸಣ್ಣ ಮಣ್ಣಿನ ದಂಡೆ ಕಟ್ಟಿ, ಅಡಿಕೆಯ ದಂಬೆಯಲ್ಲೋ ಪೈಪಿನಲ್ಲೋ ಅಂಗಳದ ಟಾಂಕಿಗೆ ಬಿಡುತ್ತಾರೆ. ಮೋಟರ್ ಬೇಡ, ಕರೆಂಟ್ ಬಿಲ್ ಇಲ್ಲ. ಮುಖ್ಯ ಸಂಗತಿ ಬೇರೆ ಇದೆ. ಸುರಂಗಕ್ಕೆ ಗುಡ್ಡ ಈ ದಿನ ಎಷ್ಟು ಕೊಡುತ್ತದೋ ಅಷ್ಟೇ ಸಿಗುವುದು. ಬೇಸಿಗೆಯಲ್ಲಿ ಒಸರು ಸಣ್ಣದಾದರೆ ಮನೆಯವರು ತೋಟಕ್ಕೆ ಬಿಡುವುದನ್ನು ಕಡಿಮೆ ಮಾಡುತ್ತಾರೆ. ಗಡಿ ದಿನಾ ಕಣ್ಣಿಗೆ ಕಾಣುತ್ತದೆ.

ಕೊಳವೆ ಬಾವಿಯಲ್ಲಿ ಗಡಿ ಕಾಣುವುದಿಲ್ಲ. ನಾಲ್ಕುನೂರು, ಐನೂರು ಅಡಿಯಲ್ಲಿ ಕಲ್ಲಿನ ಬಿರುಕಿನಲ್ಲಿ ಎಷ್ಟೋ ಕಾಲದಿಂದ ಸೇರಿದ ನೀರನ್ನು ಬಟನ್ ಒತ್ತಿ ಎತ್ತುತ್ತೇವೆ. ಜನವರಿಯಲ್ಲೂ ಮೇಯಲ್ಲೂ ಒಂದೇ ವೇಗದಲ್ಲಿ ಬರುತ್ತದೆ, ಒಂದು ದಿನ ಬರುವುದೇ ನಿಲ್ಲುತ್ತದೆ. ಅಷ್ಟರಲ್ಲಿ ಮೇಲಿನ ಗುಡ್ಡದ ಸುರಂಗವೂ ಬತ್ತಿರುತ್ತದೆ. ಲೋಕದ ಇವತ್ತಿನ ಸ್ಥಿತಿಯನ್ನು ಒಂದು ಮಾತಿನಲ್ಲಿ ಹೇಳಿ ಅಂದರೆ ನಾನು ಹೇಳುವುದು ಇಷ್ಟೇ: ಮನುಷ್ಯರು ಸುರಂಗದ ಬದುಕಿನಿಂದ ಬೋರ್‌ವೆಲ್ಲಿನ ಬದುಕಿಗೆ ಬಂದರು. ಕಲ್ಲಿದ್ದಲು, ಪೆಟ್ರೋಲು, ಕಡಲಿನ ಮೀನು, ಕಾಡಿನ ಮಣ್ಣು, ಎಲ್ಲದರಲ್ಲೂ ವರ್ಷದ ಒಸರಿಗಿಂತ ಹೆಚ್ಚು ಎತ್ತುತ್ತಿದ್ದೇವೆ. ಎಂಟುನೂರು ಕೋಟಿ ಜನ ಇದ್ದಾರೆ ಅನ್ನುವುದಕ್ಕಿಂತ ಇದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಎತ್ತುತ್ತಿರುವವರು ಯಾರು ಅನ್ನುವುದನ್ನೂ ನೋಡಬೇಕಲ್ವಾ? ಒಬ್ಬ ಭಾರತೀಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್. ಅಮೆರಿಕದವನದ್ದು 14ರ ಮೇಲೆ. ಕತಾರಿನಲ್ಲಿ 30 ಟನ್ನಿಗೂ ಜಾಸ್ತಿ. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಕ್ಯಾಂಪಿನ ಒಂದು ಕೋಣೆಯಲ್ಲಿ ಆರೇಳು ಜನರ ಜತೆ ಮಲಗುವ ಹುಡುಗ 30 ಟನ್ ಉರಿಸುವುದಿಲ್ಲ. ಅವನ ಹೆಸರಿನಲ್ಲಿ ಸರಾಸರಿ ಬೀಳುತ್ತದೆ ಅಷ್ಟೆ. ಲೋಕದ ಅತಿ ಸಿರಿವಂತ ಶೇಕಡಾ ಹತ್ತು ಜನರೇ ಹೊಗೆಯ ಸುಮಾರು ಅರ್ಧಕ್ಕೆ ಕಾರಣ. ಹೆಚ್ಚು ಮಕ್ಕಳಿರುವ ನೈಜರ್, ಚಾಡ್ ದೇಶಗಳ ಪಾಲು ಇದರಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ಅನ್ನದ ಲೆಕ್ಕವೂ ಹೀಗೆಯೇ. ಲೋಕದಲ್ಲಿ ವರ್ಷಕ್ಕೆ ಸುಮಾರು 280 ಕೋಟಿ ಟನ್ ಧಾನ್ಯ ಬೆಳೆಯುತ್ತದೆ. ಭಾಗ ಮಾಡಿದರೆ ದಿನಕ್ಕೆ ಒಬ್ಬರಿಗೆ ಹತ್ತಿರ ಹತ್ತಿರ ಒಂದು ಕಿಲೋ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜಾನುವಾರು, ಕೋಳಿಗಳ ಮೇವಿಗೆ. ಇನ್ನೊಂದಷ್ಟು ಎಥೆನಾಲಿಗೆ. ಎಲ್ಲ ಬಗೆಯ ಆಹಾರ ಸೇರಿಸಿದರೆ ಮೂರರಲ್ಲಿ ಒಂದು ಪಾಲು ಹಾಳಾಗಿ ಹೋಗುತ್ತದೆ. ಎಪ್ಪತ್ತು ಕೋಟಿಯ ಹತ್ತಿರ ಜನ ಹಸಿದಿರುತ್ತಾರೆ.

ನಮ್ಮ ಊರಿನದೇ ಒಂದು ಲೆಕ್ಕ. ಕೇರಳದಲ್ಲಿ ಜನ ಹೆಚ್ಚು ಬೆಳೆಯಲಿಲ್ಲ ಅಂದೆನಲ್ಲ, ಮನೆಗಳು ಮಾತ್ರ ಅದಕ್ಕಿಂತ ಎಷ್ಟೋ ವೇಗವಾಗಿ ಬೆಳೆದವು. 2011ರ ಜನಗಣತಿಯಲ್ಲಿ ಹತ್ತು ಮನೆಗೆ ಒಂದರಷ್ಟು ಖಾಲಿ ಇತ್ತು. ಗುಡ್ಡಗಳನ್ನು ಚೌಕ ಚೌಕ ಕೊಯ್ದು ಕೆಂಪುಕಲ್ಲು ಸಾಗಿಸುವುದನ್ನು ದಿನಾ ನೋಡುತ್ತೇವೆ. ಅದೇ ಕಲ್ಲಿನ ಪದರ ಮಳೆನೀರು ಕುಡಿದು ಸುರಂಗಕ್ಕೆ ಕೊಡುತ್ತಿದ್ದದ್ದು. ಬೀಗ ಹಾಕಿದ ಮನೆಗಾಗಿ ಗುಡ್ಡ ಹೋದರೆ ಆ ದೋಷವನ್ನು ಯಾವ ಮಗುವಿನ ಮೇಲೆ ಹಾಕುವುದು?

ಗೇರು ತೋಟದ ಸಂಗತಿ ಹೇಳದೆ ಇರಲಾರೆ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಈ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗೆ ತೆರೆದ ಬಾವಿ, ಕೆರೆ, ಸುರಂಗದ ಟಾಂಕಿಗಳು ಇದ್ದವು. ಮಕ್ಕಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಆದದ್ದನ್ನು ಇಲ್ಲಿ ಕೂತವರಲ್ಲಿ ಕೆಲವರು ಇವತ್ತಿಗೂ ಮನೆಯೊಳಗೆ ನೋಡಿಕೊಳ್ಳುತ್ತಿದ್ದೀರಿ. ಆ ಗುಡ್ಡಗಳಲ್ಲಿ ಜನ ದಟ್ಟವಾಗಿ ಇರಲಿಲ್ಲ. ನೆಲ, ನೀರು ಹಾಳಾಗಲು ಜನ ತುಂಬಬೇಕಾಗಿಲ್ಲ, ದೂರದಲ್ಲಿ ಕೂತು ಕೆಲವರು ಮಾಡಿದ ಒಂದು ತೀರ್ಮಾನ ಸಾಕು.

ಹಾಗೆಂದು ಸಂಖ್ಯೆಗೆ ಬೆಲೆಯೇ ಇಲ್ಲ ಅನ್ನುವವರ ಜತೆಗೂ ನಾನಿಲ್ಲ. ಭೂಮಿಯ ಮೇಲಿನ ಸಸ್ತನಿಗಳನ್ನೆಲ್ಲ ತೂಕಕ್ಕೆ ಹಾಕಿದರೆ ಮನುಷ್ಯರು ಮತ್ತು ನಾವು ಸಾಕಿದ ಪ್ರಾಣಿಗಳೇ ಶೇಕಡಾ 96. ಆನೆ, ಕಾಟಿ, ಹುಲಿ, ತಿಮಿಂಗಿಲ, ಎಲ್ಲ ಕಾಡುಪ್ರಾಣಿಗಳೂ ಸೇರಿ ಬರೀ 4. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಏನೂ ಮಾಡಲಾಗಲಿಲ್ಲ. ನಾವು ಉಣ್ಣಬಹುದು, ಇನ್ನೂ ಇನ್ನೂರು ಕೋಟಿ ಜನಕ್ಕೆ ಬಡಿಸಬಹುದು, ಆದರೆ ಬೇರೆ ಜೀವಗಳಿಗೆ ಜಾಗವೇ ಇಲ್ಲದ ಭೂಮಿಯನ್ನು ಸಾಕುವ ಭೂಮಿ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಯಾವ ಹುಡುಗಿಗೆ ಶಾಲೆ ಇನ್ನೂ ಸಿಕ್ಕಿಲ್ಲವೋ ಅವಳಿಗೆ ಸಿಗಬೇಕು, ಯಾವ ಹೆಂಗಸಿಗೆ ಮಕ್ಕಳು ಸಾಕು ಅನ್ನುವ ಸ್ವಾತಂತ್ರ್ಯ ಇಲ್ಲವೋ ಅವಳಿಗೆ ಅದು ಇರಬೇಕು. ಸಂಖ್ಯೆಯ ಅರ್ಧ ಕೆಲಸ ಅಲ್ಲಿಗೆ ಆಗುತ್ತದೆ. ಬಳಕೆಯ ಅರ್ಧ ನಮ್ಮಂಥವರ ಮೇಲೆ ಇದೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಮಾಸ್ಟ್ರು ಎದ್ದು ಕೇಳಿದರು: ‘ಈಗ ಮುಖ್ಯಮಂತ್ರಿಗಳೇ ಹೆಚ್ಚು ಮಕ್ಕಳು ಬೇಕು ಅನ್ನುತ್ತಿದ್ದಾರಲ್ಲ?’ ಹೌದು, 2024ರಲ್ಲಿ ಆಂಧ್ರದಿಂದಲೂ ತಮಿಳುನಾಡಿನಿಂದಲೂ ಅಂಥ ಮಾತು ಬಂತು. ಮುದುಕರು ಹೆಚ್ಚಾಗುತ್ತಿದ್ದಾರೆ, ಲೋಕಸಭೆಯ ಸೀಟು ಕಡಿಮೆಯಾಗಬಹುದು ಅನ್ನುವ ಚಿಂತೆ ಅವರದ್ದು. ಸೀಟಿನ ಅನ್ಯಾಯವನ್ನು ಸಂಸತ್ತಿನಲ್ಲಿ ಸರಿ ಮಾಡಬೇಕು, ಹೆಂಗಸರ ಹೊಟ್ಟೆಯಲ್ಲಿ ಅಲ್ಲ. ಆವತ್ತು ಹೆರಬೇಡ ಅಂದದ್ದೂ ತಪ್ಪು, ಇವತ್ತು ಹೆರು ಅನ್ನುವುದೂ ತಪ್ಪು.

ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು: ‘ಮಕ್ಕಳು ಬೆಂಗಳೂರಲ್ಲಿ, ದುಬಾಯಿಯಲ್ಲಿ. ನಮ್ಮನ್ನು ನೋಡುವವರು ಯಾರು?’ ಕೇರಳದಲ್ಲಿ 2011ರಲ್ಲೇ ಅರವತ್ತು ದಾಟಿದವರು ಶೇಕಡಾ 12ರ ಮೇಲಿದ್ದರು, ಈಗ ಇನ್ನೂ ಹೆಚ್ಚು. ಇಬ್ಬರ ಬದಲು ನಾಲ್ವರು ಮಕ್ಕಳಿದ್ದರೂ ಕೆಲಸ ಇರುವಲ್ಲಿಗೇ ಹೋಗುತ್ತಾರೆ ಅಮ್ಮಾ. ಊರಿನಲ್ಲೇ ನೋಡಿಕೊಳ್ಳುವ ವ್ಯವಸ್ಥೆ ಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೇರಳದ ಪಾಲಿಯೇಟಿವ್ ಕೇಂದ್ರಗಳ ದಾದಿಯರು ಮನೆಗೇ ಬರುತ್ತಾರೆ. ಅದು ರೋಗಿಗಳಿಗೆ ಮಾತ್ರ ಸಾಲದು, ಒಂಟಿಯಾಗಿರುವ ಹಿರಿಯರಿಗೆಲ್ಲ ಆಗಬೇಕು.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದ್ದು. ‘ಪಂಚಾಯತಿನಲ್ಲಿ ನಾವು ಏನು ಮಾಡಬಹುದು?’ ಕೇರಳ ಸರ್ಕಾರ 2023ರ ಏಪ್ರಿಲಿನಲ್ಲಿ ನೀರಿನ ಬಜೆಟ್ ಎಂಬುದನ್ನು 94 ಗ್ರಾಮ ಪಂಚಾಯತುಗಳಲ್ಲಿ ಶುರು ಮಾಡಿತು. ಎಷ್ಟು ನೀರು ಬರುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ಊರಿನ ಮಟ್ಟದಲ್ಲೇ ಲೆಕ್ಕ ಇಡುವ ಕೆಲಸ. ನಾವು ಅದಕ್ಕೆ ಕಾಯಬೇಕಾಗಿಲ್ಲ. ಒಂದೊಂದು ವಾರ್ಡಿನಲ್ಲಿ ಎಷ್ಟು ಸುರಂಗ ಇವೆ, ಎಷ್ಟರಲ್ಲಿ ಮೇ ತಿಂಗಳಲ್ಲೂ ನೀರಿದೆ, ಯಾವ ಮದಕ ಹೂಳು ತುಂಬಿದೆ, ಎಲ್ಲೆಲ್ಲಿ ಕಟ್ಟ ಹಾಕುತ್ತಿದ್ದರು, ಕೊಳವೆ ಬಾವಿಗಳು ಎಷ್ಟು ಅಡಿಗೆ ಹೋಗಿವೆ. ಒಂದು ನೋಟ್‌ಪುಸ್ತಕ, ಒಂದು ಅಳತೆ ಹಗ್ಗ ಸಾಕು. ಹೈಸ್ಕೂಲಿನ ಮಕ್ಕಳು ಸೇರಿದರೆ ರಜೆಯಲ್ಲಿ ಮುಗಿಯುತ್ತದೆ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ. ಹೊಸ ಕಲ್ಲುಕೋರೆಗೆ ಅರ್ಜಿ ಬಂದಾಗ ಅದನ್ನೇ ಮೇಜಿನ ಮೇಲೆ ಇಡಬಹುದು. ಡಿಸೆಂಬರಿನಲ್ಲಿ ತೋಡಿನ ನೀರು ಇಳಿಯುವ ಮೊದಲು ಕಟ್ಟ ಹಾಕಲು ಯಾವ ತೋಡಿನಿಂದ ಶುರು ಮಾಡಬೇಕು ಅನ್ನುವುದೂ ಅದರಲ್ಲೇ ಸಿಗುತ್ತದೆ.